ಎರಡು ಗ್ಲಾಸ್ ಪಕ್ಕಪಕ್ಕ: ವೈನ್ ರುಚಿ ಗುರುತಿಸೋದು ಹೇಗೆ?

ವೈನ್ ಅಂದರೆ ಹುದುಗು ಬಂದ ದ್ರಾಕ್ಷಿ ರಸ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮೂಲದಲ್ಲಿ ಇಷ್ಟೇ. ಆದರೂ ಮುಂಬೈಯಲ್ಲಿ ನಮ್ಮ ಕನ್ನಡದವರ ಗುಂಪು ಊಟಕ್ಕೆ ಹೋದಾಗ ವೈನ್ ಪಟ್ಟಿ ಮೇಜಿನ ಸುತ್ತ ಒಂದು ಸುತ್ತು ಹಾಕುತ್ತದೆ. "ನೀನೇ ನೋಡು ಮಾರಾಯ" ಅಂತ ಮಂಗಳೂರಿನ ಗೆಳೆಯ ಪಕ್ಕಕ್ಕೆ ದಾಟಿಸುತ್ತಾನೆ. "ನಮಗೇನ್ ಗೊತ್ರಿ, ನೀವ ಹೇಳ್ರಿ" ಅಂತ ವಿಜಯಪುರದವರು ಮುಂದಕ್ಕೆ ಕಳಿಸುತ್ತಾರೆ. ಕೊನೆಗೆ ಯಾರೋ ಬೆಲೆ ನೋಡಿ, ತೀರಾ ಕಡಿಮೆಯದೂ ಬೇಡ, ತೀರಾ ಜಾಸ್ತಿಯದೂ ಬೇಡ ಅಂತ ನಡುವಿನದೊಂದನ್ನು ಹೇಳಿಬಿಡುತ್ತಾರೆ.

ಪಟ್ಟಿಯಲ್ಲಿ ಇರುವುದೆಲ್ಲ ಹೆಸರುಗಳು. ದ್ರಾಕ್ಷಿಯ ಹೆಸರು, ಊರಿನ ಹೆಸರು, ಕಂಪನಿಯ ಹೆಸರು, ಇಸವಿ. ಹೆಸರಿನಿಂದ ಶುರು ಮಾಡಿದರೆ ವೈನ್ ಯಾರಿಗೂ ಕಷ್ಟವೇ. ಬಾಯಿ ಮತ್ತು ಮೂಗಿನಿಂದ ಶುರು ಮಾಡಿದರೆ ಸುಲಭ. ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಒಂದೇ ಗ್ಲಾಸ್ ಇಟ್ಟುಕೊಂಡು ಕಲಿಯಲು ಹೋಗಬೇಡಿ. ಎರಡು ಬೇರೆ ಬೇರೆ ವೈನನ್ನು ಪಕ್ಕಪಕ್ಕ ಇಡಿ. ಒಂದೇ ಇದ್ದರೆ ಮಾತು "ಚೆನ್ನಾಗಿದೆ", "ಚೆನ್ನಾಗಿಲ್ಲ" ಎಂಬಲ್ಲಿಗೇ ನಿಲ್ಲುತ್ತದೆ. ಎರಡಿದ್ದರೆ "ಇದು ಅದಕ್ಕಿಂತ ಹುಳಿ", "ಇದರಲ್ಲಿ ಒಗರು ಜಾಸ್ತಿ" ಎಂದು ನಾಲಿಗೆ ತಾನಾಗಿ ಹೇಳತೊಡಗುತ್ತದೆ. ಏನೂ ಗೊತ್ತಿಲ್ಲ ಎನ್ನುವವರು ಕೂಡ ಎರಡನೇ ಗ್ಲಾಸ್ ಮುಟ್ಟಿದ ಕೂಡಲೇ ಮಾತಾಡಲು ಶುರು ಮಾಡುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬಾಟಲಿ ತೆರೆಯುವ ಮೊದಲು ಅಡುಗೆಮನೆಯಲ್ಲಿ

ವೈನ್ ಬಾಯಿಗೆ ಹೋದಾಗ ಗಮನಿಸಬೇಕಾದ್ದು ಮುಖ್ಯವಾಗಿ ನಾಲ್ಕು: ಹುಳಿ, ಸಿಹಿ, ಒಗರು, ಆಲ್ಕೋಹಾಲಿನ ಬಿಸಿ. ಇವುಗಳಲ್ಲಿ ಮೊದಲ ಮೂರನ್ನು ಒಂದು ರೂಪಾಯಿಯ ವೈನೂ ಇಲ್ಲದೆ ಕಲಿಯಬಹುದು.

ಮೂರು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರಿಗೆ ಸ್ವಲ್ಪ ನಿಂಬೆರಸ. ಎರಡನೆಯದರಲ್ಲಿ ಅಷ್ಟೇ ನೀರು, ಅಷ್ಟೇ ನಿಂಬೆರಸ, ಜೊತೆಗೆ ಎರಡು ಚಮಚ ಸಕ್ಕರೆ. ಮೂರನೆಯದರಲ್ಲಿ ಹಾಲು ಸಕ್ಕರೆ ಇಲ್ಲದೆ ಚೆನ್ನಾಗಿ ಕುದಿಸಿ ತಣಿಸಿದ ಚಹಾ. ಇನ್ನು ಒಂದೊಂದೇ ಗುಟುಕು ತೆಗೆದುಕೊಂಡು, ಬಾಯಲ್ಲಿ ಆಡಿಸಿ, ನುಂಗಿ, ಸುಮ್ನೆ ಕೂತು ಗಮನಿಸಿ.

ಮೊದಲ ಲೋಟದಲ್ಲಿ ಕೆನ್ನೆಯ ಒಳಬದಿಯಿಂದ ಜೊಲ್ಲು ಒಸರುತ್ತದೆ. ಹುಳಿಯ ಕೆಲಸ ಅದು. ಎರಡನೆಯದು ಕಡಿಮೆ ಹುಳಿ ಅನ್ನಿಸುತ್ತದೆ, ಆದರೆ ನಿಂಬೆರಸ ಅಷ್ಟೇ ಇದೆ. ಸಿಹಿ ಹುಳಿಯನ್ನು ಮುಚ್ಚುತ್ತದೆ. ಹಾಗಿದ್ದರೂ ನುಂಗಿದ ಮೇಲೆ ಜೊಲ್ಲು ಮೊದಲಿನಷ್ಟೇ ಬರುತ್ತದೆ. ಆದ್ದರಿಂದ ಒಂದು ವೈನಿನಲ್ಲಿ ಹುಳಿ ಎಷ್ಟಿದೆ ಎಂದು ತಿಳಿಯಬೇಕಾದರೆ ರುಚಿಯನ್ನಲ್ಲ, ಜೊಲ್ಲನ್ನು ನಂಬಿ. ಮೂರನೇ ಲೋಟದಲ್ಲಿ ಇದಕ್ಕೆ ತದ್ವಿರುದ್ಧ. ಬಾಯಿ ಒಣಗುತ್ತದೆ, ನಾಲಿಗೆ ಅಂಗಳಕ್ಕೆ ಅಂಟಿದಂತಾಗುತ್ತದೆ, ಒಸಡು ಬಿಗಿಯುತ್ತದೆ. ಚಹಾದಲ್ಲಿರುವ ಟ್ಯಾನಿನ್ ಎಂಬ ವಸ್ತು ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಜೊಲ್ಲಿನ ನುಣುಪು ಹೋಗುತ್ತದೆ. ಕೆಂಪು ವೈನ್ ಕುಡಿದಾಗ ಆಗುವುದೂ ಇದೇ.

ಈಗ ವೈನಿಗೆ ಬರೋಣ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಆಮ್ಲಗಳು ಮುಖ್ಯ. ಹುಳಿ ಇಲ್ಲದ ವೈನ್ ಸಪ್ಪೆ, ಎರಡನೇ ಗುಟುಕು ಬೇಡವೆನಿಸುತ್ತದೆ. ಹೆಚ್ಚುಕಡಿಮೆ ಎಲ್ಲ ಕೆಂಪು ವೈನುಗಳಲ್ಲೂ ಕೆಲವು ಬಿಳಿ ವೈನುಗಳಲ್ಲೂ ತೀಕ್ಷ್ಣವಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸುತ್ತವೆ. ಮೊಸರಿನಲ್ಲಿರುವ ಆಮ್ಲ ಅದೇ. ಶಾರ್ಡನೇ ಎಂಬ ಬಿಳಿ ದ್ರಾಕ್ಷಿಯ ಕೆಲವು ವೈನುಗಳಲ್ಲಿ ಬೆಣ್ಣೆಯ ವಾಸನೆ ಬರುವುದು ಈ ಹಂತದಲ್ಲಿ ಹುಟ್ಟುವ ಡೈಅಸಿಟೈಲ್ ಎಂಬ ವಸ್ತುವಿನಿಂದ.

ಸಿಹಿಯ ವಿಷಯದಲ್ಲಿ ಗೊಂದಲ ಜಾಸ್ತಿ. ಅಂಗಡಿಯಲ್ಲಿ ಸಿಗುವ ವೈನುಗಳಲ್ಲಿ ಬಹುಪಾಲು "ಡ್ರೈ", ಅಂದರೆ ಯೀಸ್ಟ್ ಸಕ್ಕರೆಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಶೇ. 1 ಆಲ್ಕೋಹಾಲ್ ಆಗುತ್ತದೆ. ಶೇ. 13ರ ವೈನ್ ಆಗಬೇಕಾದರೆ ಲೀಟರಿಗೆ 220 ಗ್ರಾಂ ಹತ್ತಿರ ಸಕ್ಕರೆ ಇರುವ ದ್ರಾಕ್ಷಿ ಬೇಕು. ಅಷ್ಟೂ ಕರಗಿ ಹೋದ ಮೇಲೂ ಕೆಲವು ವೈನ್ ಸಿಹಿ ಅನ್ನಿಸುವುದೇಕೆ? ಮೂಗು ಹಣ್ಣಿನ ವಾಸನೆ ಹಿಡಿದಿರುತ್ತದೆ, ಮಿದುಳು ಅದನ್ನೇ ಸಿಹಿ ಅಂತ ಓದಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಮೂಗು ಮುಚ್ಚಿಕೊಂಡು ಒಂದು ಗುಟುಕು ತೆಗೆದುಕೊಳ್ಳಿ. ಸಿಹಿ ಮಾಯವಾದರೆ ಅದು ಬರೀ ವಾಸನೆ. ಉಳಿದರೆ ನಿಜವಾಗಿ ಸಕ್ಕರೆ ಇದೆ.

ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಕಪ್ಪು ದ್ರಾಕ್ಷಿಯನ್ನು ಸುಲಿದು ನೋಡಿ, ಬಹುತೇಕ ತಳಿಗಳಲ್ಲಿ ಒಳಗಿನ ತಿರುಳಿಗೆ ಬಣ್ಣವೇ ಇಲ್ಲ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ಆಗ ಬಣ್ಣ ಇಳಿಯುತ್ತದೆ, ಅದರ ಜೊತೆಗೆ ಟ್ಯಾನಿನ್ ಕೂಡ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡಿ ಆಮೇಲೆ ಹುದುಗಿಸುತ್ತಾರೆ. ತಿಳಿಗುಲಾಬಿ ಬಣ್ಣದ ರೋಸೇ ವೈನಿಗೆ ಸಿಪ್ಪೆಯ ಸಹವಾಸ ಕೆಲವೇ ಗಂಟೆ. ಕೆಂಪು ವೈನ್ ಒಗರು, ಬಿಳಿ ವೈನ್ ಒಗರಲ್ಲ ಎಂಬುದಕ್ಕೆ ಕಾರಣ ಇಷ್ಟೇ. ಓಕ್ ಮರದ ಪೀಪಾಯಿಯಲ್ಲಿ ಇಟ್ಟರೆ ಮರದಿಂದಲೂ ಒಂದಷ್ಟು ಒಗರು ಸೇರುತ್ತದೆ.

ನಾಲ್ಕನೆಯದು ಆಲ್ಕೋಹಾಲ್. ಸಾಮಾನ್ಯವಾಗಿ ಶೇ. 12ರಿಂದ 14.5. ನುಂಗಿದ ಮೇಲೆ ಗಂಟಲಲ್ಲಿ ಬಿಸಿ ಏರಿದರೆ ಅದು ಇದರದ್ದು. ಆಲ್ಕೋಹಾಲ್ ಜಾಸ್ತಿ ಇರುವ ವೈನ್ ಬಾಯಲ್ಲಿ ಭಾರವಾಗಿಯೂ ಇರುತ್ತದೆ.

ಈ ನಾಲ್ಕರಲ್ಲಿ ಯಾವುದೂ ಒಂದು ಎದ್ದು ಕುಣಿಯದೆ ಇದ್ದರೆ, ನುಂಗಿದ ಮೇಲೂ ಒಳ್ಳೆಯ ರುಚಿ ಸ್ವಲ್ಪ ಹೊತ್ತು ನಿಂತರೆ, ಅದು ಒಳ್ಳೆಯ ವೈನ್. ನಿಮಗೆ ಇಷ್ಟವಾಗುತ್ತದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಅಭ್ಯಾಸವಾಗಬೇಕು.

ಮೂಗಿಗೆ ಗೊತ್ತಿರುವುದು

ನಾಲಿಗೆಯ ತುದಿಗೆ ಸಿಹಿ, ಬದಿಗೆ ಹುಳಿ, ಹಿಂದೆ ಕಹಿ ಎಂದು ಚಿತ್ರ ಬಿಡಿಸಿದ್ದನ್ನು ಶಾಲೆಯಲ್ಲಿ ನೋಡಿದ್ದೇವೆ, ಅಲ್ವಾ? ಅದು ತಪ್ಪು. ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ಭಾಗಕ್ಕೂ ಸಿಗುತ್ತವೆ. ಆದರೆ ನಾಲಿಗೆಗೆ ಸಿಗುವ ರುಚಿಗಳ ಸಂಖ್ಯೆ ಕಡಿಮೆ. ನಾವು ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆ. ಬಾಯಲ್ಲಿರುವ ವೈನ್ ಬಿಸಿಯಾಗಿ, ಅದರ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನೆಗಡಿಯಾದಾಗ ಸಾರು ಸಪ್ಪೆ ಅನ್ನಿಸುವುದು ಆ ದಾರಿ ಮುಚ್ಚಿರುವುದರಿಂದ.

ವೈನಿನ ವಾಸನೆಗೆ ಹೆಸರಿಡುವಾಗ ನಮ್ಮವರು ಸೋಲುವುದು ಇಲ್ಲೇ. ಬಾಟಲಿಯ ಹಿಂದೆ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅಂತೆಲ್ಲ ಬರೆದಿರುತ್ತದೆ. ಜನ್ಮದಲ್ಲಿ ತಿನ್ನದ ಹಣ್ಣನ್ನು ಗ್ಲಾಸಿನಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ಆದರೆ ವಾಸನೆಗಳಿಗೆ ರಾಸಾಯನಿಕ ಆಧಾರ ಇದೆ, ಅದೇ ವಸ್ತುಗಳು ನಮ್ಮ ತೋಟ, ಅಡುಗೆಮನೆಗಳಲ್ಲೂ ಇವೆ.

ಒಂದು ಸಂಜೆ ಮುಂಬೈ ಪಕ್ಕದ ಠಾಣೆಯ ನಮ್ಮ ಮನೆಯಲ್ಲಿ ಎರಡು ಕೆಂಪು ವೈನ್ ಇಟ್ಟುಕೊಂಡು ಕೂತಿದ್ದೆವು. ಒಂದು ಶಿರಾಜ್, ಇನ್ನೊಂದು ಕ್ಯಾಬರ್ನೆ ಸೊವಿನ್ಯೋನ್. ಬಾಟಲಿಗೆ ಪೇಪರ್ ಸುತ್ತಿದ್ದರಿಂದ ಯಾವುದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಶಿರಸಿ ಕಡೆಯ ಗೆಳತಿಯೊಬ್ಬರು ಮೊದಲ ಗ್ಲಾಸಿಗೆ ಮೂಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ನಮ್ಮನೆ ಅಟ್ಟದ ವಾಸನೆ. ಕಾಳುಮೆಣಸಿನ ಚೀಲ ಇಟ್ಟಲ್ಲಿ ಬತ್ತಲ್ಲ, ಅದು" ಅಂದರು. ಪಕ್ಕದಲ್ಲಿದ್ದ ಅವರ ಗಂಡನಿಗೆ ಏನೂ ಬರಲಿಲ್ಲ. ಗ್ಲಾಸ್ ಬದಲಾಯಿಸಿ ನೋಡಿದರು, ತಿರುಗಿಸಿ ನೋಡಿದರು, ಊಹೂಂ.

ಇಬ್ಬರೂ ಸರಿ. ಕಾಳುಮೆಣಸಿಗೆ ಅದರ ವಾಸನೆ ಕೊಡುವ ರೊಟಂಡೋನ್ ಎಂಬ ವಸ್ತು ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ತೋರಿಸಿದರು. ಅದೇ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ಹತ್ತುವುದೇ ಇಲ್ಲ ಎಂದೂ ಗೊತ್ತಾಯಿತು. ಹಾಗಾಗಿ ಪಕ್ಕದವರಿಗೆ ಬಂದ ವಾಸನೆ ನಿಮಗೆ ಬರದಿದ್ದರೆ ನಾಚಿಕೆ ಬೇಡ. ಬಂದವರು ಬಂದಿಲ್ಲದವರಿಗೆ ಪಾಠ ಹೇಳುವುದೂ ಬೇಡ.

ಎರಡನೇ ಗ್ಲಾಸಿನಲ್ಲಿ, ಅಂದರೆ ಕ್ಯಾಬರ್ನೆಯಲ್ಲಿ, ಬಹಳ ಜನರಿಗೆ ಹಸಿ ದೊಣ್ಣೆಮೆಣಸಿನಕಾಯಿ ವಾಸನೆ ಸಿಕ್ಕಿತು. ಅದು ಮೆಥಾಕ್ಸಿಪೈರಜೀನ್ ಎಂಬ ಗುಂಪಿನ ವಸ್ತು, ದೊಣ್ಣೆಮೆಣಸಿನಕಾಯಿಯಲ್ಲಿ ಇರುವುದೂ ಅದೇ. ಬಿಳಿ ವೈನಾದ ಸೊವಿನ್ಯೋನ್ ಬ್ಲಾಂಕ್‌ನಲ್ಲೂ ಇದೇ ಹಸಿರು ವಾಸನೆ ಇರುತ್ತದೆ. ಕಾರಣ ರಕ್ತಸಂಬಂಧ: 1997ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದ ಕ್ಯಾಲಿಫೋರ್ನಿಯಾದ ಸಂಶೋಧಕರು, ಕೆಂಪು ಕ್ಯಾಬರ್ನೆ ಸೊವಿನ್ಯೋನ್ ಹುಟ್ಟಿದ್ದು ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ಸೊವಿನ್ಯೋನ್ ಬ್ಲಾಂಕ್ ಸೇರಿ ಎಂದು ಕಂಡುಕೊಂಡರು. ಸೊವಿನ್ಯೋನ್ ಬ್ಲಾಂಕ್‌ನಲ್ಲಿ ಇನ್ನೊಂದು ವಾಸನೆ ನಮಗೆ ತೀರಾ ಪರಿಚಿತ: ಹಣ್ಣಾದ ಸೀಬೆ, ಕರಾವಳಿಯವರ ಪೇರಳೆ. ಗಂಧಕ ಇರುವ ಒಂದು ಸಂಯುಕ್ತ ಎರಡರಲ್ಲೂ ಇದೆ. ಮಸ್ಕಟ್ ದ್ರಾಕ್ಷಿಯ ಹೂವಿನ ವಾಸನೆಗೆ ಕಾರಣವಾದ ಲಿನಲೂಲ್ ಕೊತ್ತಂಬರಿ ಬೀಜದಲ್ಲಿ ಧಾರಾಳವಾಗಿದೆ. ಓಕ್ ಪೀಪಾಯಿಯಿಂದ ಬರುವ ವೆನಿಲಾ ವಾಸನೆಯಂತೂ ಐಸ್‌ಕ್ರೀಮ್ ತಿಂದ ಎಲ್ಲರಿಗೂ ಗೊತ್ತು.

ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಮೂಸಿ ನೋಡಿದ್ದೀರಾ? ದ್ರಾಕ್ಷಿ ಪೆಪ್ಪರ್‌ಮಿಂಟಿನಲ್ಲಿ ಬರುವ ಗಾಢ ವಾಸನೆಯೇ ಅದು. ಅಮೆರಿಕದ ಕಾಡು ದ್ರಾಕ್ಷಿಯ ಅಂಶ ಇರುವ ತಳಿ ಅದು, ಆ ವಾಸನೆ ಮೀಥೈಲ್ ಆಂಥ್ರನಿಲೇಟ್‌ನದ್ದು. ಯುರೋಪಿನ ವೈನ್ ತಳಿಗಳಲ್ಲಿ ಅದು ಹೀಗೆ ಎದ್ದು ಕಾಣುವುದಿಲ್ಲ. ಚಿಕ್ಕಂದಿನಿಂದ ದ್ರಾಕ್ಷಿ ಅಂದರೆ ಈ ವಾಸನೆ ಎಂದು ತಿಳಿದವರಿಗೆ ಮೊದಲ ಸಲ ಶಿರಾಜ್ ಕುಡಿದಾಗ "ಇದರಲ್ಲಿ ದ್ರಾಕ್ಷಿಯೇ ಇಲ್ಲವಲ್ಲ" ಅನ್ನಿಸುವುದು ಸಹಜ.

ಬಾಟಲಿಗೆ ಪೇಪರ್ ಸುತ್ತಬೇಕು ಎಂದು ನಾನು ಹಟ ಮಾಡುವುದಕ್ಕೆ ಕಾರಣ ಇದೆ. ಫ್ರಾನ್ಸಿನ ಬೋರ್ದೋದಲ್ಲಿ ವೈನ್ ವಿಷಯ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟ ಪ್ರಯೋಗ ಪ್ರಸಿದ್ಧ. 2001ರಲ್ಲಿ ಪ್ರಕಟವಾಯಿತು. ಅದೇ ವೈನ್ ಬಿಳಿಯಾಗಿದ್ದಾಗ ಬಿಳಿ ವೈನಿನ ಪದಗಳನ್ನು ಬಳಸಿದವರು, ಕೆಂಪು ಕಂಡ ಕೂಡಲೇ ಕೆಂಪು ವೈನಿನ ಪದಗಳನ್ನು ಬಳಸಿದರು. ಕಲಿತವರ ಮೂಗೂ ಕಣ್ಣಿನ ಮಾತು ಕೇಳುತ್ತದೆ. ಬೆಲೆ, ಹೆಸರು, ಲೇಬಲ್ ಕಂಡರೆ ನಮ್ಮದೂ ಹಾಗೇ.

ಗ್ಲಾಸ್ ಕೈಗೆ ಬಂದಾಗ

ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗ್ಲಾಸ್ ಇರಲಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ತಿರುಗಿಸಲು ಜಾಗ ಬೇಕು. ಮೊದಲು ತಿರುಗಿಸದೆ ಮೂಸಿ, ಆಮೇಲೆ ಗ್ಲಾಸನ್ನು ಮೇಜಿನ ಮೇಲೇ ಇಟ್ಟು ಸುತ್ತಿಸಿ ಮತ್ತೆ ಮೂಸಿ. ವೈನ್ ಗ್ಲಾಸಿನ ಗೋಡೆಗೆ ಹರಡಿ ಆವಿಯಾಗುವುದರಿಂದ ಎರಡನೇ ಸಲ ವಾಸನೆ ಜೋರಾಗಿರುತ್ತದೆ. ದೀರ್ಘವಾಗಿ ಎಳೆಯುವುದು ಬೇಡ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಸಾಕು.

ತಿರುಗಿಸಿದ ಮೇಲೆ ಗೋಡೆಯಿಂದ ಹನಿಗಳು ನಿಧಾನ ಇಳಿಯುತ್ತವೆ. ಅದನ್ನು ತೋರಿಸಿ "ನೋಡಿ, ಎಂಥ ಒಳ್ಳೆ ವೈನ್" ಎನ್ನುವವರು ಸಿಗುತ್ತಾರೆ. ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಆಗುವ ಮೇಲ್ಮೈ ಎಳೆತದ ಆಟ ಅದು. ವಿಜ್ಞಾನಿ ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದಾನೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಆಮೇಲೆ ಒಂದು ಗುಟುಕು, ಬಾಯಿ ತುಂಬ ಆಡಿಸಿ, ಉಗುಳಿ. ಹೌದು, ಉಗುಳಬೇಕು. ಮುಂಬೈಯ ಸೋನಲ್ ಹಾಲಂಡ್ ಅವರು 2016ರಲ್ಲಿ ಮಾಸ್ಟರ್ ಆಫ್ ವೈನ್ ಪದವಿ ಪಡೆದ ಮೊದಲ ಭಾರತೀಯರು. ಆ ಮಟ್ಟದವರು ಸಾಲಾಗಿ ಹತ್ತಾರು ವೈನ್ ನೋಡುವಾಗ ನುಂಗುವುದಿಲ್ಲ. ಮನೆಯಲ್ಲಿ ಒಂದು ಸ್ಟೀಲ್ ಪಾತ್ರೆ ಇಟ್ಟರೆ ಸಾಕು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮದ್ಯದ ಇಷ್ಟು ಪ್ರಮಾಣ ಆರೋಗ್ಯಕ್ಕೆ ಸುರಕ್ಷಿತ ಎಂದು ಹೇಳಲು ಬರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ನಂಬಿ ಯಾರೂ ಶುರು ಮಾಡಬೇಡಿ. ಕುಡಿಯದವರು ಕುಡಿಯದೇ ಇರಲಿ. ಕುಡಿಯುವವರು ಕಡಿಮೆ ಕುಡಿದು ಜಾಸ್ತಿ ಗಮನಿಸಲಿ.

ಹೋಟೆಲಿನಲ್ಲಿ ಬಾಟಲಿ ಹೇಳಿದರೆ ಮೊದಲು ಒಂದು ಗುಟುಕಿನಷ್ಟು ಸುರಿದು ಕಾಯುತ್ತಾರಲ್ಲ, ಅದು ನಿಮಗೆ ಇಷ್ಟವಾಯಿತೇ ಎಂದು ಕೇಳಲು ಅಲ್ಲ. ವೈನ್ ಕೆಟ್ಟಿಲ್ಲ ತಾನೇ ಎಂದು ನೋಡಲು. ಮಳೆಗಾಲದಲ್ಲಿ ನೆನೆದ ರಟ್ಟಿನ ಮುಗ್ಗಲು ವಾಸನೆ ಬಂದರೆ ಕಾರ್ಕಿನಿಂದ ಬಂದ ದೋಷ, ಟಿಸಿಎ ಎಂಬ ವಸ್ತುವಿನದ್ದು. ವಿನೆಗರ್ ವಾಸನೆ ಬಂದರೆ ಅಸಿಟಿಕ್ ಆಮ್ಲ ಬೆಳೆದಿದೆ. ಎರಡರಲ್ಲೂ ಸಂಕೋಚವಿಲ್ಲದೆ ಹಿಂದಕ್ಕೆ ಕೊಡಬಹುದು. ತಿರುಪು ಮುಚ್ಚಳದ ಬಾಟಲಿಯಲ್ಲಿ ಕಾರ್ಕೇ ಇಲ್ಲ, ಹಾಗಾಗಿ ಆ ಮುಗ್ಗಲಿನ ಭಯವೂ ಹೆಚ್ಚುಕಡಿಮೆ ಇಲ್ಲ. ತಿರುಪು ಅಂದರೆ ಅಗ್ಗ ಎಂಬ ಭಾವನೆ ಬಿಟ್ಟುಬಿಡಿ.

ಮುಂಬೈ ಸೆಕೆಯಲ್ಲಿ ಕೆಂಪು ವೈನ್

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ತಂಪು ಕೋಣೆಗಳಲ್ಲಿ. ಅದಕ್ಕೆ ಬೇಕಾದ್ದು 15ರಿಂದ 18 ಡಿಗ್ರಿ. ಮೇ ತಿಂಗಳಲ್ಲಿ ಡೊಂಬಿವಲಿಯ ಕೋಣೆ 30 ದಾಟಿರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮುಂದೆ ಬಂದು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಹಿಂದೆ ಸರಿಯುತ್ತದೆ. ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿ ವೈನನ್ನು ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಸುರಿಯಿರಿ, ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ನಂಬಿಕೆ ಬರದಿದ್ದರೆ ಒಂದೇ ಕೆಂಪು ವೈನನ್ನು ಎರಡು ಗ್ಲಾಸಿಗೆ ಸುರಿದು, ಒಂದನ್ನು ಫ್ರಿಜ್ಜಿನಲ್ಲಿಟ್ಟು ಇನ್ನೊಂದನ್ನು ಹೊರಗೆ ಬಿಟ್ಟು ನೋಡಿ. ಎರಡು ಬೇರೆ ವೈನ್ ಎಂದೇ ಅನ್ನಿಸುತ್ತದೆ.

ಫ್ರಿಜ್ಜಿನ ಮೇಲೆ, ಗ್ಯಾಸ್ ಒಲೆಯ ಹತ್ತಿರ, ಬಿಸಿಲು ಬೀಳುವ ಕಿಟಕಿಯ ಬಳಿ ಬಾಟಲಿ ಇಡಬೇಡಿ. ಇಲ್ಲಿನ ಬಿಳಿ ವೈನುಗಳಲ್ಲಿ ಬಹುಪಾಲು ಎಳೆಯದರಲ್ಲೇ ಕುಡಿಯುವಂಥವು. ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟರೆ ಬೆಲೆ ಬರುವುದಿಲ್ಲ, ರುಚಿ ಹೋಗುತ್ತದೆ. ತೆರೆದ ಬಾಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿ ಇಡಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ.

ನಾಸಿಕ್, ಅಕ್ಲೂಜ್, ನಂದಿ, ಹಂಪಿ

ಕಲಿಯಲು ಎಲ್ಲಿಯ ವೈನ್ ಕೊಳ್ಳಬೇಕು? ನನ್ನ ಮಟ್ಟಿಗೆ ನಮ್ಮ ಸುತ್ತಮುತ್ತಲಿನದೇ. ಆಮದು ವೈನಿನ ಮೇಲೆ ಹಲವು ವರ್ಷ ಶೇ. 150 ಕಸ್ಟಮ್ಸ್ ಸುಂಕ ಇತ್ತು. ಅಷ್ಟು ತೆರಿಗೆ ಹೊತ್ತು ಬಂದ ಕಡಿಮೆ ಬೆಲೆಯ ವಿದೇಶಿ ಬಾಟಲಿಯಲ್ಲಿ ವೈನಿನ ಪಾಲು ಎಷ್ಟಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ನಾಸಿಕ್‌ನ ಕ್ರಮ ಹೊಸದಲ್ಲ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಮಲಗುವುದೇ ಇಲ್ಲ. ಅದಕ್ಕೇ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು: ಏಪ್ರಿಲ್ ಸುಮಾರಿಗೆ ಒಂದು, ಮಳೆ ಹಿಂದೆ ಸರಿದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಂದು. ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು, ನಾಸಿಕ್‌ನಲ್ಲಿ ಜನವರಿಯಿಂದ ಮಾರ್ಚ್. ಮಳೆಗಾಲದಲ್ಲಿ ಹಣ್ಣು ಬಿಟ್ಟರೆ ರೋಗ ಬಂದು ಬೆಳೆ ಹೋಗುತ್ತದೆ. ಬಿಸಿಲಿಗೆ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ನಾಸಿಕ್‌ನ ಡಿಸೆಂಬರ್, ಜನವರಿ ರಾತ್ರಿಗಳ ಚಳಿಯೇ ಹುಳಿಯನ್ನು ಕಾಪಾಡುವುದು. ನಮ್ಮ ಕೆಂಪು ವೈನುಗಳಲ್ಲಿ ಹಣ್ಣು ಮಾಗಿದ ರುಚಿ ಮುಂದೆ ಇರುವುದಕ್ಕೆ ಈ ಬಿಸಿಲೇ ಕಾರಣ.

ವೈನ್ ದ್ರಾಕ್ಷಿ ನಾವು ತಿನ್ನುವ ದ್ರಾಕ್ಷಿಯಲ್ಲ. ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಪುಣೆ-ನಾಸಿಕ್ ದಾರಿಯ ನಾರಾಯಣಗಾಂವ್‌ನಲ್ಲಿ ಶ್ಯಾಮರಾವ್ ಚೌಗುಲೆ 1980ರ ದಶಕದಲ್ಲೇ ಶಾಂಪೇನ್ ವಿಧಾನದ ನೊರೆ ವೈನ್ ಮಾಡಿ ವಿದೇಶಕ್ಕೆ ಕಳಿಸಿದ್ದರು. ಆ ಕಂಪನಿ ಉಳಿಯಲಿಲ್ಲ. ತಿನ್ನುವ ದ್ರಾಕ್ಷಿಯ ಊರಾಗಿದ್ದ ನಾಸಿಕ್‌ನಲ್ಲಿ ರಾಜೀವ್ ಸಾಮಂತ್ ಸೊವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ದ್ರಾಕ್ಷಿಗಳನ್ನು ನೆಟ್ಟು 2000ರಲ್ಲಿ ತಮ್ಮ ಸುಲಾ ಕಂಪನಿಯ ಮೊದಲ ವೈನ್ ಹೊರತಂದರು. ಮುಂದಿನ ವರ್ಷವೇ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ನೀತಿ ತಂದಿತು. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ಕಂಪನಿಯವರು ಇಟಲಿಯ ಸಾಂಜೋವೇಸೆ ಎಂಬ ಕೆಂಪು ವೈನ್ ದ್ರಾಕ್ಷಿ ಬೆಳೆಯುತ್ತಾರೆ. ಪುಣೆಯ ಮಾಂಜರಿಯಲ್ಲಿ 1997ರಿಂದ ದ್ರಾಕ್ಷಿಗೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ನಮ್ಮ ಕಡೆ ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕಂಪನಿಯ ತೋಟ, ಕೊಪ್ಪಳ ಜಿಲ್ಲೆಯಲ್ಲಿ ಹಂಪಿ ಹಿಲ್ಸ್ ಹೆಸರಿನ ಕೃಷ್ಮಾ ತೋಟ. ನಂದಿ ತಪ್ಪಲು ನಾಸಿಕ್‌ಗಿಂತ ಎತ್ತರ, ಸುಮಾರು 900 ಮೀಟರ್.

ಹೀಗಾಗಿ ಮೊದಲ ಜೋಡಿ: ನಾಸಿಕ್‌ನ ಒಂದು ಸೊವಿನ್ಯೋನ್ ಬ್ಲಾಂಕ್, ಒಂದು ಶೆನಿನ್ ಬ್ಲಾಂಕ್. ಮೊದಲನೆಯದರಲ್ಲಿ ಹುಳಿ ಚುರುಕು, ಹಸಿರು ವಾಸನೆ. ಎರಡನೆಯದನ್ನು ಇಲ್ಲಿ ಹಲವರು ಸ್ವಲ್ಪ ಸಿಹಿ ಉಳಿಸಿ ಮಾಡುತ್ತಾರೆ. ಮೂಗು ಮುಚ್ಚುವ ಪರೀಕ್ಷೆಯನ್ನು ಇಲ್ಲೇ ಮಾಡಿ. ಎರಡನೇ ಜೋಡಿ ಶಿರಾಜ್ ಮತ್ತು ಕ್ಯಾಬರ್ನೆ. ಇವು ಕೈಗೆ ಬಂದ ಮೇಲೆ ಮೂರನೆಯದು, ನನಗೆ ಎಲ್ಲಕ್ಕಿಂತ ಇಷ್ಟದ್ದು: ಒಂದೇ ಕ್ಯಾಬರ್ನೆ, ಆದರೆ ಒಂದು ನಾಸಿಕ್‌ನದ್ದು, ಇನ್ನೊಂದು ಕರ್ನಾಟಕದ್ದು. ದ್ರಾಕ್ಷಿ ಒಂದೇ, ಮಣ್ಣು ಬೇರೆ, ಎತ್ತರ ಬೇರೆ, ಮಾಡಿದ ಕೈ ಬೇರೆ.

ಗೋವಾಕ್ಕೆ ಹೋದವರು ತರುವ ಪೋರ್ಟ್ ವೈನಿನ ಬಗ್ಗೆ ಒಂದು ಮಾತು. ಪೋರ್ಚುಗಲ್‌ನ ಡೌರೋ ಕಣಿವೆಯ ಪೋರ್ಟ್‌ನಲ್ಲಿ ಹುದುಗು ನಡೆಯುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ಯೀಸ್ಟನ್ನು ಸಾಯಿಸುತ್ತಾರೆ. ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಶೇ. 19ರಿಂದ 22ಕ್ಕೆ ಏರುತ್ತದೆ. ಗೋವಾದಲ್ಲಿ ಪೋರ್ಟ್ ಹೆಸರಲ್ಲಿ ಅಗ್ಗಕ್ಕೆ ಸಿಗುವ ಸಿಹಿ ಕೆಂಪು ವೈನ್ ಆ ಪೋರ್ಟ್ ಅಲ್ಲ. ಇಷ್ಟವಾದರೆ ಕುಡಿಯಿರಿ, ಆದರೆ ಎಲ್ಲ ಕೆಂಪು ವೈನೂ ಹೀಗೇ ಸಿಹಿ ಇರುತ್ತದೆ ಎಂದು ಅದರಿಂದ ಅಳೆಯಬೇಡಿ. ನಮ್ಮಲ್ಲಿ ಎಷ್ಟೋ ಜನ ಮೊದಲ ಡ್ರೈ ವೈನಿಗೆ ಮುಖ ಕಿವುಚುವುದಕ್ಕೆ ಈ ಅಭ್ಯಾಸ ಕಾರಣ.

ನಮ್ಮ ಊಟದ ಜೊತೆಗೆ

ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಸೂತ್ರ ನಮ್ಮ ಮಸಾಲೆಯ ಮುಂದೆ ಅರ್ಧ ಮಾತ್ರ ನಿಲ್ಲುತ್ತದೆ. ಮೀನಿನ ಭಾಗ ನಿಜ, ಅದರಲ್ಲೂ ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಿಗೆ. ಕೆಂಪು ವೈನಿನ ಜೊತೆ ತಿಂದರೆ ಬಾಯಲ್ಲಿ ಲೋಹದ, ಹಳಸಿದ ಮೀನಿನ ರುಚಿ ನಿಲ್ಲುತ್ತದೆ. ಜಪಾನಿನ ಸಂಶೋಧಕರು 2009ರಲ್ಲಿ ಕಂಡುಕೊಂಡಂತೆ ವೈನಿನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆಯ ಜೊತೆ ಸೇರಿ ಮಾಡುವ ಕೆಲಸ ಇದು. ರವೆ ಹಚ್ಚಿ ಹುರಿದ ಕಾಣೆಗೆ ಚುರುಕು ಹುಳಿಯ ಸೊವಿನ್ಯೋನ್ ಬ್ಲಾಂಕ್ ಹೇಳಿ ಮಾಡಿಸಿದ ಜೋಡಿ. ಹುರಿದದ್ದರ ಮೇಲೆ ನಿಂಬೆ ಹಿಂಡುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ.

ಕೋಳಿ ಘೀ ರೋಸ್ಟ್‌ಗೆ ಬಂದಾಗ ಸೂತ್ರ ಕೈಕೊಡುತ್ತದೆ. ಮೆಣಸಿನಕಾಯಿಯ ಖಾರ ಮತ್ತು ಆಲ್ಕೋಹಾಲ್ ಎರಡೂ ಕೆಣಕುವುದು ಉರಿಯನ್ನು ಗ್ರಹಿಸುವ ಅದೇ ನರಗಳನ್ನು. ಶೇ. 14ರ ಒಗರಾದ ಕೆಂಪು ವೈನ್ ಕೊಟ್ಟರೆ ಬ್ಯಾಡಗಿಯೂ ಗುಂಟೂರಿನಷ್ಟು ಉರಿಯುತ್ತದೆ. ಆಲ್ಕೋಹಾಲ್ ಕಡಿಮೆ ಇರುವ, ಒಂದು ಎಳೆ ಸಿಹಿ ಇರುವ ಶೆನಿನ್ ಬ್ಲಾಂಕನ್ನು ಚೆನ್ನಾಗಿ ತಣಿಸಿ ಕೊಡಿ. ಕೋರಿ ರೊಟ್ಟಿಗೂ ಅದೇ. ಕೆಂಪೇ ಬೇಕು ಎಂದು ಹಟ ಹಿಡಿಯುವವರಿಗೆ ಒಗರು ಕಡಿಮೆಯಿರುವ ಎಳೆ ಶಿರಾಜನ್ನು ಸ್ವಲ್ಪ ತಂಪು ಮಾಡಿ ಕೊಡಬಹುದು. ಕಾಳುಮೆಣಸು ಹಾಕಿದ ಕೊಡಗಿನ ಪಂದಿಕರಿಗೆ ಮಾತ್ರ ಶಿರಾಜ್ ಬಿಟ್ಟು ಬೇರೆ ಯೋಚಿಸಬೇಡಿ. ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ, ಮೆಣಸಿಗೆ ಮೆಣಸು ಸೇರುತ್ತದೆ.

ಬಿಸಿಬೇಳೆಬಾತ್ ಕಷ್ಟ. ಹುಣಸೆಯ ಹುಳಿ, ಬೆಲ್ಲ, ಮಸಾಲೆ, ತುಪ್ಪ ಎಲ್ಲ ಒಟ್ಟಿಗೆ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಿದ್ದರೆ ವೈನ್ ಸಪ್ಪೆಯಾಗುತ್ತದೆ, ಆದ್ದರಿಂದ ಹುಳಿ ಚೆನ್ನಾಗಿರುವ ರೋಸೇ ಅಥವಾ ನೊರೆ ವೈನ್ ಪ್ರಯತ್ನಿಸಬಹುದು. ಸಿಹಿತಿಂಡಿಯ ಜೊತೆ ಲೆಕ್ಕ ಇನ್ನೂ ಕಟ್ಟುನಿಟ್ಟು: ವೈನ್ ತಿಂಡಿಗಿಂತ ಸಿಹಿ ಇರಬೇಕು, ಇಲ್ಲದಿದ್ದರೆ ಬರೀ ಹುಳಿ ಉಳಿಯುತ್ತದೆ. ಹೋಳಿಗೆಯ ಜೊತೆ ಡ್ರೈ ವೈನ್ ಕುಡಿದರೆ ಎರಡೂ ಹಾಳು. ಹಣ್ಣನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ಮಾಡುವ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ನಾಸಿಕ್‌ನಿಂದಲೇ ಬರುತ್ತದೆ, ಚಿಕ್ಕ ಬಾಟಲಿಯಲ್ಲೂ ಸಿಗುತ್ತದೆ. ಅದನ್ನು ತಣ್ಣಗೆ ಮಾಡಿ, ಬೇಳೆ ಹೋಳಿಗೆಗೆ ತುಪ್ಪ ಸವರಿ, ಒಂದು ತುತ್ತು ಒಂದು ಗುಟುಕು ತೆಗೆದುಕೊಳ್ಳಿ. ಪಕ್ಕದ ಗ್ಲಾಸಿನಲ್ಲಿ ಸಾದಾ ಶೆನಿನ್ ಬ್ಲಾಂಕ್ ಇರಲಿ.